ಕುಂಬಾಳ ಹಾಸಿಗೆ

ಫ್ರೀಟೌನ್ ಬೆಟ್ಟದ ಆಶ್ರಯಧಾಮದಲ್ಲಿ ಹೊತ್ತು ಮುಳುಗ್ತಿತ್ತು. ಚಿಂಪಾಂಜಿ ಕುಂಬಾ ಬೇಲಿ ಸಂದಿಯಿಂದ ಸೊಪ್ಪಿನ ಕೊಂಬೆಯೊಂದನ್ನ ತನ್ನನ್ನ ಸಾಕಿದ ಬ್ರಿಮಾನ ಕೈಗೆ ತುರುಕಿದಳು. ಅವಳ ಜೊತೆಯವರೆಲ್ಲ ಆಟ ಮುಗಿಸಿ, ಮರದ ಮೇಲೆ ಕೊಂಬೆ ಬಗ್ಗಿಸಿ ಹಾಸಿಗೆ ಮಾಡ್ಕೊಳ್ತಿದ್ರು.

"ಹಾಸಿಕೊಡಪ್ಪ, ಮಹಾರಾಣಿ ಕಾಯ್ತಾವ್ಳೆ," ಅಂದಳು ಹಣ್ಣಿನ ಬುಟ್ಟಿ ಹೊತ್ತ, ಜೊತೆ ಕೆಲಸದ ಯೆಬು. "ಕಲಿಸು ಅಂದ್ರೆ ದಿನಾ ನೀನೇ ಮಾಡಿಕೊಟ್ಟೆ. ಇವತ್ತೂ ಮರ ಹತ್ತಿ ಮಲಗದಿದ್ರೆ ಇವಳನ್ನ ನಾಳೆ ವಾಪಸ್ ಬೋನಿಗೇ ಹಾಕ್ತಾರೆ."

"ತಾಯಿ ಇಲ್ಲದ ಕೂಸು ಕಣಕ್ಕ," ಅಂದ ಬ್ರಿಮಾ.

ಅವನು ಬೇಲಿಯ ಈಚೆ ಕೂತು, ಅವಳಿಗೆ ಕಾಣೋ ಹಾಗೆ ನಿಧಾನವಾಗಿ ಕೊಂಬೆ ಬಗ್ಗಿಸಿದ, ಸೊಪ್ಪು ಹಾಸಿದ, ಕೊನೆಗೆ ತಾನೇ ಅದರ ಮೇಲೆ ಮಲಗಿ ತೋರಿಸಿದ. ಕುಂಬಾ ಎಲ್ಲಾ ನೋಡಿದಳು. ಆಮೇಲೆ ಬೇಲಿಗೆ ಒರಗಿ, ಅವನು ಯಾವಾಗ ಎದ್ದು ಜಾಗ ಬಿಡ್ತಾನೋ ಅಂತ ಕಾಯ್ತಾ ಕೂತಳು.