ಕಂಪ್ಯೂಟರ್ ಕಣ್ಣು ಬಿಡುವಷ್ಟರಲ್ಲಿ

"ಸೆಕೆಂಡಿಗೆ ಐನೂರ ಇಪ್ಪತ್ತು ಎಂಬಿ! ಹಳೇ ಹಾರ್ಡ್ ಡಿಸ್ಕು ಎಂಬತ್ತಕ್ಕೇ ಏದುಸಿರು ಬಿಡ್ತಿತ್ತಲ್ಲಕ್ಕಾ," ಎಂದು, ಅಕ್ಕನ ಕಂಪ್ಯೂಟರಿಗೆ ಹೊಸ ಡಿಸ್ಕ್ ಕೂರಿಸಿದ ತಮ್ಮ, ವೇಗ ಪರೀಕ್ಷೆಯ ಅಂಕಿ ತೋರಿಸಿ ಬೀಗಿದ. ಮನೆಯಲ್ಲೇ ಅನುವಾದದ ಕೆಲಸ ಮಾಡುವ ಅಕ್ಕನಿಗೂ ಹಿಗ್ಗು. ಕಂಪ್ಯೂಟರ್ ಆರಿಸಿ ಮತ್ತೆ ಆನ್ ಮಾಡಿದಳು.

ಅದು ಆನ್ ಆದ ಸದ್ದಿಗೆ ಅಪ್ಪ ದಿನದಂತೆ ಕುರ್ಚಿ ಎಳೆದುಕೊಂಡು ಬಂದರು. ಕಂಪ್ಯೂಟರ್ ಶುರುವಾಗಲು ಹಿಡಿಯುತ್ತಿದ್ದ ಐದಾರು ನಿಮಿಷವೇ ಅಪ್ಪ-ಮಗಳ ಹರಟೆಯ ಹೊತ್ತು. ಆಮೇಲೆ ಕೆಲಸದಲ್ಲಿ ಮುಳುಗಿದರೆ ಅವಳು ಸಂಜೆಯವರೆಗೂ ಯಾರ ಮಾತಿಗೂ ಸಿಗುತ್ತಿರಲಿಲ್ಲ. ಇಂದು ಅವರು ಕೂರುವ ಮೊದಲೇ ಪರದೆ ಬೆಳಗಿತು.

"ಓ, ಆಗ್ಲೇ ಬಂದ್ಬಿಡ್ತಾ? ಸರಿ ಮಗಳೇ, ನೀನು ಕೆಲಸ ಮಾಡ್ಕೋ," ಎಂದು ಅಪ್ಪ ಕುರ್ಚಿ ಎತ್ತಿಕೊಂಡರು.

ಅವಳು ಕೈಚಾಚಿ ಪರದೆ ಆರಿಸಿದಳು. "ಕೂತ್ಕೋಪ್ಪಾ, ಇದಕ್ಕೆ ಇನ್ನೂ ಐದು ನಿಮಿಷ ಬೇಕು."