ಲಾರಿ ಟೈರಿಗೆ ಕೊಬ್ಬರಿ ಎಣ್ಣೆ

ಎಣ್ಣೆಯಲ್ಲಿ ಅದ್ದಿದ ಬೆರಳು ಅಂಗೈಯಗಲದ ಮಾಡೆಲ್ ಲಾರಿಯ ಟೈರಿಗೆ ತಾಗುವಷ್ಟರಲ್ಲಿ ರೋಜಾ ತನ್ನ ಅತ್ತೆ ಯಲ್ಲಕ್ಕನ ಮಣಿಕಟ್ಟು ಹಿಡಿದಳು. ಹಿರಿಯೂರಿನ ಆ ಮನೆಯಲ್ಲಿ ಯಲ್ಲಕ್ಕನ ಕೈಯನ್ನು ಹಾಗೆ ತಡೆದವರು ಯಾರೂ ಇರಲಿಲ್ಲ.

“ಟೈರು ಬಿರುಕು ಬಿಡ್ತಾ ಐತೆ ಕಣವ್ವ,” ಎಂದಳು ಯಲ್ಲಕ್ಕ. “ಒಡೆದ ಹಿಮ್ಮಡಿಗೆ, ಕುರಿ ಗೊರಸಿಗೆ, ಎಲ್ಲದಕ್ಕೂ ಕೊಬ್ರಿ ಎಣ್ಣೆ ಹಚ್ಚಿದೋಳು ನಾನು.”

ರೋಜಾ ಕೈ ಬಿಡಲಿಲ್ಲ. ಅವಳ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತ ಗಾಡಿಗಳಲ್ಲಿ ಇದು ಮೊದಲನೆಯದು. ಲಾರಿ ಓಡಿಸುತ್ತಿದ್ದ ಅಪ್ಪ ತೀರಿಕೊಳ್ಳುವ ಮುನ್ನ ತಂದುಕೊಟ್ಟದ್ದು. ಇದರ ಟೈರು ಹೋದರೆ ಬದಲಿ ಸಿಗುವುದಿಲ್ಲ. “ರಬ್ಬರಿಗೆ ಎಣ್ಣೆ ಆಗಲ್ಲ ಅತ್ತೆ. ನೀವು ಕುಕ್ಕರ್ ರಬ್ಬರಿಗೆ ಸವರಿದ್ರಲ್ಲ, ಹಿಗ್ಗಿಹೋಗಿ ಮುಚ್ಚಳದಾಗೆ ಕೂರ್ಲೇ ಇಲ್ಲ. ಇದೂ ಹಂಗೇ ಗಾಲಿಯಿಂದ ಕಳಚ್ಕೊಂತೈತೆ. ಒದ್ದೆ ಬಟ್ಟೇಲಿ ಒರೆಸಿ, ಬಿಸಿಲು ಬೀಳದಂಗೆ ಇಟ್ರೆ ಸಾಕು.” ದನಿಯಲ್ಲಿ ಅಂಜಿಕೆ ಇರಲಿಲ್ಲ.

ಯಲ್ಲಕ್ಕ ಸೊಸೆಯ ಮುಖವನ್ನೇ ನೋಡಿದಳು. ಬೆರಳ ತುದಿಯಲ್ಲಿ ಎಣ್ಣೆ ಹನಿಗಟ್ಟಿ ಲಾರಿಯ ಮೇಲೆ ತೂಗುತ್ತಿತ್ತು. ರೋಜಾ ಇನ್ನೊಂದು ಕೈಯಿಂದ ಲಾರಿಯನ್ನು ಪಕ್ಕಕ್ಕೆ ಸರಿಸಿ, ಆಮೇಲೆ ಮಣಿಕಟ್ಟು ಬಿಟ್ಟಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತಳು.

“ತಲೆ ಬಗ್ಸು,” ಎಂದಳು ಯಲ್ಲಕ್ಕ.

ರೋಜಾ ಬಗ್ಗಿಸಿದಳು. ಅತ್ತೆ ಬಟ್ಟಲಿನ ಎಣ್ಣೆಯನ್ನೆಲ್ಲ ಅವಳ ನೆತ್ತಿಗೆ ಸುರಿದು, ತಟ್ಟಿ ತಟ್ಟಿ ಇಂಗಿಸತೊಡಗಿದಳು.

“ಆ ಒದ್ದೆ ಬಟ್ಟೆ ಎಲ್ಲೈತೆ? ಕೈ ತೊಳ್ಕಂಡು ಬರ್ತೀನಿ, ಇಬ್ರೂ ಒರೆಸಾಣ.”