ಟೆಲಿಗ್ರಾಂ ಕೊಂಡಪ್ಪನಿಗೆ ಮುಂದಿನ ಸೀಟು

"ನಮ್ಮಣ್ಣನಿಗೆ ಹಿಂದಿನ ಚಕ್ರದ ಮೇಲಿನ ಸೀಟು, ಟೆಲಿಗ್ರಾಂ ತರೋ ಕೊಂಡಪ್ಪನಿಗೆ ಮುಂದಿನ ಸೀಟಾ? ನಿಮ್ಗೆ ತಲೆ ನೆಟ್ಟಗಿದ್ಯೇನ್ರಿ?"

ರುಕ್ಮಿಣಮ್ಮ ಬಸ್ಸಿನ ಪಟ್ಟಿಯನ್ನು ಗಂಡನ ಮುಂದೆ ಎಸೆದಳು. ಕೋದಂಡರಾಮಯ್ಯ ಅದನ್ನು ಎತ್ತಿಕೊಂಡು, ಕೊಂಡಪ್ಪನ ಹೆಸರಿನ ಮುಂದೆ 'ಕಿಟಕಿ ಪಕ್ಕ' ಎಂದು ಬೇರೆ ಬರೆದ.

ದೊಡ್ಡಬಳ್ಳಾಪುರದ ಎಂಟು ಮಗ್ಗದ ಯಜಮಾನ ಮಗಳ ಮದುವೆಯನ್ನು ಕುಮಟಾದ ಆಚೆ, ಕಡಲ ದಡದಲ್ಲಿ ಇಟ್ಟುಕೊಂಡಿದ್ದಾನೆಂದರೆ 1991ರಲ್ಲಿ ಅದೇನು ಸಣ್ಣ ಸುದ್ದಿಯೇ? ಕೊಬ್ಬು ಎಂದರು ಬೀದಿಯವರು. ಹಾಗೆಂದವರೇ ತಮಗೆ ಸೀಟು ಇದೆಯೇ ಎಂದು ಎರಡೆರಡು ಸಲ ವಿಚಾರಿಸಿಕೊಂಡು ಹೋದರು.

ಕೊಬ್ಬೂ ಅಲ್ಲ, ಮಣ್ಣೂ ಅಲ್ಲ. ಅರುಣಾಳ ಮದುವೆ ಈಗಾಗಲೇ ಎರಡು ಸಲ ನಿಂತಿತ್ತು. ಎರಡು ಸಲವೂ ಚಪ್ಪರ ಎದ್ದ ಮೇಲೆ ದಾಯಾದಿಗಳಲ್ಲೊಬ್ಬರು ತೀರಿಕೊಂಡು, ಸೂತಕ ಬಂದು, ಚಪ್ಪರ ಕೀಳಿಸಬೇಕಾಯಿತು. ಹೊಸಕೋಟೆ ಬಳಿಯ ಅನುಗೊಂಡನಹಳ್ಳಿಯ ಬೀಗ ವೆಂಕಟರಾಮಪ್ಪ ಕಡ್ಡಿ ಮುರಿದಂತೆ ಹೇಳಿದ್ದ: "ನೋಡಿ ಸ್ವಾಮಿ, ಇನ್ನೊಂದ್ಸಲ ನಿಮ್ಮನೇಲಿ ಸೂತಕ ಅಂದ್ರೆ ನಾವು ಬೇರೆ ಹೆಣ್ಣು ನೋಡ್ಕೋತೀವಿ." ಅರುಣಾ ಎರಡು ವರ್ಷದಿಂದ ಆ ಹುಡುಗನ ಫೋಟೋವನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದಳು.

ಈಗ ಮೂರನೆಯ ಮುಹೂರ್ತಕ್ಕೆ ಸರಿಯಾಗಿ ಕೋದಂಡರಾಮಯ್ಯನ ಚಿಕ್ಕಪ್ಪ ಆದಿನಾರಾಯಣಪ್ಪ ಹಾಸಿಗೆ ಹಿಡಿದ. ಹೆಂಡತಿ ಮಕ್ಕಳಿಲ್ಲದ, ಎಂಬತ್ತೆರಡರ ಮುದುಕ. ಎಲ್ಲ ಬಿಟ್ಟು ಇದೇ ತಿಂಗಳು! ಎರಡು ದಿನವೋ ಎರಡು ವಾರವೋ ಹೇಳಲಾಗದು ಎಂದರು ಡಾಕ್ಟರು. ಪುರೋಹಿತರು ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಒಂದು ದಾರಿ ತೋರಿಸಿದರು.

"ಸುದ್ದಿ ಕಿವಿಗೆ ಬಿದ್ದಾಗಿನಿಂದ ಸೂತಕ ಕಣಪ್ಪ. ಬೀಳದಿದ್ರೆ ಏನೂ ಇಲ್ಲ."

ಕೋದಂಡರಾಮಯ್ಯ ಕಿವಿ ಮುಚ್ಚಿಕೊಳ್ಳಲು ನಾನೂರು ಕಿಲೋಮೀಟರ್ ದೂರದಲ್ಲಿ ಜಾಗ ಹುಡುಕಿದ. ಕಡಲ ಪಕ್ಕದ ಛತ್ರ, ಫೋನಿಲ್ಲ. ಚಿಕ್ಕಪ್ಪನನ್ನು ನರ್ಸಿಂಗ್ ಹೋಮಿಗೆ ಸೇರಿಸಿ ಆಯಾ ಒಬ್ಬಳನ್ನು ಗೊತ್ತುಮಾಡಿದ. ಸುದ್ದಿ ತರಬಲ್ಲವರನ್ನೆಲ್ಲ ಬಸ್ಸಿಗೆ ತುಂಬಿದ: ಅಷ್ಟೂ ದಾಯಾದಿಗಳು, ಬೀದಿಗೆಲ್ಲ ಒಂದೇ ಫೋನಿದ್ದ ಅಂಗಡಿ ಬೈರಣ್ಣ, ಟೆಲಿಗ್ರಾಂ ಹಂಚುವ ಕೊಂಡಪ್ಪ. ಉಪಚಾರವೋ ಉಪಚಾರ! ಘಟ್ಟದ ತಿರುವುಗಳಿಗೆ ತಲೆಗೊಂದು ನಿಂಬೆಹಣ್ಣು, ವಾಂತಿಗೆ ಪ್ಲಾಸ್ಟಿಕ್ ಚೀಲ, ಮಂಡಿನೋವಿನವರಿಗೆ ಕಾಲು ಚಾಚುವ ಜಾಗ, ಕುಚ್ಚಲಕ್ಕಿ ಸೇರದವರಿಗೆ ಒಂದು ಮೂಟೆ ರಾಗಿಹಿಟ್ಟು. ಕೊಂಡಪ್ಪನಿಗೆ ಹೊಸ ಪಂಚೆ, ಶಲ್ಯ, ಫ್ಲಾಸ್ಕಿನಲ್ಲಿ ಬೇರೆಯೇ ಕಾಫಿ.

"ನಂಗ್ಯಾಕೆ ಯಜಮಾನ್ರೆ ಇದೆಲ್ಲ?" ಎಂದ ಕೊಂಡಪ್ಪ. ಕೆಲಸ ಮುಗಿಸಿ ನೇರವಾಗಿ ಬಸ್ಸಿಗೇ ಬಂದಿದ್ದ. ಖಾಕಿ ಅಂಗಿ ಇನ್ನೂ ಮೈಮೇಲಿತ್ತು.

"ಇಷ್ಟು ವರ್ಷ ಊರಿಗೆಲ್ಲ ಸುದ್ದಿ ಹೊತ್ತಿದ್ದೀಯ. ನಾಕು ದಿನ ಆರಾಮಾಗಿರಪ್ಪ."

"ಹಂಗೇ ಆಗ್ಲಿ ಬಿಡಿ," ಎಂದು ಕೊಂಡಪ್ಪ ಜೇಬು ಸವರಿಕೊಂಡು ಕೂತ.

ಬೆಳಗಿನ ಜಾವ ಕಡಲು ಕಂಡಿತು. ಎಂಟಕ್ಕೆ ಬರಬೇಕಾಗಿದ್ದ ಬೀಗರ ಬಸ್ಸು ಆಗಲೇ ಬಂದು ನಿಂತಿತ್ತು. ಗಂಡಿನ ಕಡೆಯ ಗಂಡಸರೆಲ್ಲ, ಮುದುಕರೂ ಸೇರಿ, ಕಾಫಿ ಕೂಡ ಕುಡಿಯದೆ ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಮುಳುಗುಹಾಕುತ್ತಿದ್ದರು.

"ಪಾಪ, ಹೊಸಕೋಟೆ ಕಡೆಯೋರು. ಇಷ್ಟು ನೀರು ಒಟ್ಟಿಗೆ ನೋಡಿರಲ್ಲ," ಎಂದು ಕೋದಂಡರಾಮಯ್ಯ ಹೆಂಡತಿಯ ಕಿವಿಯಲ್ಲಿ ಹೇಳಿದ.

ಹದಿನೈದು ದಿನದಿಂದ ಬಿಸಿನೀರು, ಮಂಚ, ಫ್ಯಾನು ಎಂದು ಪೀಡಿಸುತ್ತಿದ್ದ ವೆಂಕಟರಾಮಪ್ಪ ಒದ್ದೆ ಪಂಚೆಯಲ್ಲಿ ನಡುಗುತ್ತ ಬಂದು ಒಂದೇ ಒಂದು ಪ್ರಶ್ನೆ ಕೇಳಿದ.

"ಇಲ್ಲಿ ಫೋನಿದ್ಯಾ?"

"ಇಲ್ಲ ಸ್ವಾಮಿ. ಅದೊಂದು ತಪ್ಪಾಗೋಯ್ತು."

"ಹೋಗ್ಲಿ ಬಿಡಿ. ಇಲ್ದಿದ್ರೇ ವಾಸಿ."

ಎಂಥ ದೊಡ್ಡ ಮನಸ್ಸು! ಕೋದಂಡರಾಮಯ್ಯನಿಗೆ ಕೈ ಮುಗಿಯಬೇಕೆನ್ನಿಸಿತು. ನಿಶ್ಚಿತಾರ್ಥದ ಸೀರೆಯಲ್ಲಿ ಹತ್ತು ಹುಳುಕು ಹುಡುಕಿದ್ದ ಬೀಗರ ಅತ್ತಿಗೆ ಮುತ್ತಮ್ಮ ಎಲ್ಲೂ ಕಾಣಲಿಲ್ಲ. ಇದೂ ಒಂದು ಪುಣ್ಯವೇ. ಆದರೂ ಮರ್ಯಾದೆಗೆ ವಿಚಾರಿಸಿದ.

"ಅವ್ರಿಗೆ ಈ ಪ್ರಯಾಣ ಎಲ್ಲಾಗುತ್ತೆ," ಎಂದ ವೆಂಕಟರಾಮಪ್ಪ, ಕಡಲ ಕಡೆ ನೋಡುತ್ತ. "ಮುಹೂರ್ತ ಮಾತ್ರ ಮೀರಬಾರ್ದು, ನೋಡಿ."

ಮಗ್ಗದ ಸದ್ದಿಲ್ಲದೆ ನಿದ್ದೆ ಬಾರದ ನೆಂಟರು ಅಲೆಯ ಸದ್ದಿಗೆ ಸುಖವಾಗಿ ಗೊರಕೆ ಹೊಡೆದರು. ಕೋದಂಡರಾಮಯ್ಯ ಮಾತ್ರ ದೂರದಲ್ಲಿ ಸೈಕಲ್ ಗಂಟೆ ಕೇಳಿದರೂ ಬೆಚ್ಚಿಬೀಳುತ್ತಿದ್ದ. ಮಾರನೆಯ ಬೆಳಿಗ್ಗೆ ಮಗಳ ಕೊರಳಿಗೆ ತಾಳಿ ಬಿತ್ತು. ಅರುಣಾ ತಲೆಯೆತ್ತಿ ಅಪ್ಪನನ್ನು ನೋಡಿ ನಕ್ಕಳು. ಅವನು ಶಲ್ಯವನ್ನು ಬಾಯಿಗೊತ್ತಿಕೊಂಡು ಮಗುವಿನಂತೆ ಅತ್ತ.

ಊರಿಗೆ ಬಂದು ಬಸ್ಸಿಳಿದರೆ ಜಗಲಿಯ ಮೇಲೆ ಆದಿನಾರಾಯಣಪ್ಪ ಕಾಲಾಡಿಸುತ್ತ ಕೂತಿದ್ದ. ಪಕ್ಕದಲ್ಲಿ ಆಯಾ.

"ಏನ್ಲಾ ಕೋದಂಡ, ನಂಗೆ ಆಸ್ಪತ್ರೆ ಗಂಜಿ, ನಿಂಗೆ ಸಮುದ್ರದ ಗಾಳಿಯಾ? ಲಾಡು ಎಲ್ಲೋ?"

ಕೋದಂಡರಾಮಯ್ಯ ನಗುತ್ತ ಒಂದು ಲಾಡು ಅವನ ಕೈಗಿಟ್ಟ. ಅಯ್ಯೋ ಶಿವನೇ, ಸುಮ್ಮನೆ ಮನೆ ಮುಂದೆಯೇ ಚಪ್ಪರ ಹಾಕಬಹುದಿತ್ತಲ್ಲ! ಕೊನೆಯವನಾಗಿ ಇಳಿದ ಕೊಂಡಪ್ಪ ತಲೆ ತುರಿಸಿಕೊಳ್ಳುತ್ತ ಹತ್ತಿರ ಬಂದ. ಖಾಕಿ ಅಂಗಿಯ ಜೇಬಿನಿಂದ ಬೆವರಿಗೆ ಮೆತ್ತಗಾದ ಒಂದು ಕಾಗದ ತೆಗೆದ.

"ಹೊರಡೋ ದಿನಾನೇ ನಿಮ್ಗೆ ಬಂದಿತ್ತು ಯಜಮಾನ್ರೆ. ಅಷ್ಟೊಂದು ಉಪಚಾರ ಮಾಡಿದ್ರಿ... ಕೊಡೋಕೆ ಮನಸ್ಸೇ ಬರ್ಲಿಲ್ಲ."

ಕೋದಂಡರಾಮಯ್ಯ ಜಗಲಿಯ ಮೇಲೆ ಲಾಡು ಮುರಿಯುತ್ತಿದ್ದ ಚಿಕ್ಕಪ್ಪನನ್ನು ಇನ್ನೊಮ್ಮೆ ನೋಡಿಕೊಂಡು, ಧೈರ್ಯವಾಗಿ ಮಡಿಕೆ ಬಿಡಿಸಿದ.

ಅನುಗೊಂಡನಹಳ್ಳಿಯಿಂದ ಬಂದ ಟೆಲಿಗ್ರಾಂ: "ಅಮ್ಮ ಮುತ್ತಮ್ಮ ನಿನ್ನೆ ತೀರಿಕೊಂಡರು. ಚಿಕ್ಕಪ್ಪ ವೆಂಕಟರಾಮಪ್ಪ ಸೂತಕ ಮುಚ್ಚಿಟ್ಟು ಹೊರಟಿದ್ದಾರೆ. ಮದುವೆ ನಿಲ್ಲಿಸಿ."